ಅಲಾರಂ ಬರಲಿಲ್ಲವೆಂದರೆ ಅಪಾಯವಿಲ್ಲವೆಂದಲ್ಲ

2003ರ ಆಗಸ್ಟ್ 14ರ ಮಧ್ಯಾಹ್ನ 2 ಗಂಟೆ 14 ನಿಮಿಷದ ನಂತರ ಅಮೆರಿಕದ ಒಹಾಯೊ ರಾಜ್ಯದ ಫಸ್ಟ್‌ಎನರ್ಜಿ ವಿದ್ಯುತ್ ಕಂಪನಿಯ ಕಂಟ್ರೋಲ್ ರೂಂನಲ್ಲಿ ಹೊಸದಾಗಿ ಒಂದೇ ಒಂದು ಅಲಾರಂ ಬರಲಿಲ್ಲ. ಪಾಳಿಯಲ್ಲಿದ್ದ ಆಪರೇಟರ್‌ಗಳಿಗೆ ಅದು ವಿಚಿತ್ರವೆನಿಸಲೂ ಇಲ್ಲ. ಅಲಾರಂ ಇಲ್ಲದ ಹೊತ್ತು ನೆಮ್ಮದಿಯ ಹೊತ್ತು ಎಂಬುದು ಆ ಕೆಲಸ ಮಾಡುವ ಎಲ್ಲರ ರೂಢಿಯ ತಿಳಿವಳಿಕೆ. 3 ಗಂಟೆ 5 ನಿಮಿಷಕ್ಕೆ 345 ಕಿಲೋವೋಲ್ಟ್‌ನ ಒಂದು ಮಾರ್ಗ ಮರಕ್ಕೆ ತಾಗಿ ಕಡಿತವಾಯಿತು. ಅದು ಆ ಹೊತ್ತಿಗೆ ತನ್ನ ಸಾಮರ್ಥ್ಯದ ಅರ್ಧದಷ್ಟನ್ನೂ ಹೊತ್ತಿರಲಿಲ್ಲ. ಸವರದೆ ಬಿಟ್ಟ ಮರವೇ ತಂತಿಯವರೆಗೆ ಬೆಳೆದು ನಿಂತಿತ್ತು. 3.32ಕ್ಕೆ ಇನ್ನೊಂದು ಮಾರ್ಗ ಹೋಯಿತು, 3.41ಕ್ಕೆ ಮತ್ತೊಂದು. ಬಿದ್ದ ಪ್ರತಿ ಮಾರ್ಗದ ಹೊರೆಯೂ ಉಳಿದವುಗಳ ಹೆಗಲಿಗೇರುತ್ತಾ ಹೋಯಿತು. 4 ಗಂಟೆ 10 ನಿಮಿಷ ದಾಟುವಷ್ಟರಲ್ಲಿ ನ್ಯೂಯಾರ್ಕ್, ಕ್ಲೀವ್‌ಲ್ಯಾಂಡ್, ಡೆಟ್ರಾಯಿಟ್, ಟೊರೊಂಟೊ ಸೇರಿ ಅಮೆರಿಕದ ಎಂಟು ರಾಜ್ಯಗಳಲ್ಲೂ ಕೆನಡಾದ ಒಂಟಾರಿಯೊದಲ್ಲೂ ಸುಮಾರು 5 ಕೋಟಿ ಜನರ ಮನೆಯಲ್ಲಿ ಕರೆಂಟು ಇರಲಿಲ್ಲ. ಕಡಿತಗೊಂಡ ಹೊರೆ 61,800 ಮೆಗಾವಾಟ್. ಎರಡೂ ದೇಶಗಳ ಜಂಟಿ ಕಾರ್ಯಪಡೆ 2004ರ ಏಪ್ರಿಲ್‌ನಲ್ಲಿ ಕೊಟ್ಟ ಅಂತಿಮ ವರದಿಯಲ್ಲಿ ಸವರದ ಮರಗಳ ಜೊತೆಗೇ ಎದ್ದು ಕಾಣುವ ಇನ್ನೊಂದು ಕಾರಣ, ಯಾರಿಗೂ ಹೇಳದೆ ನಿಂತುಹೋದ ಅಲಾರಂ ತಂತ್ರಾಂಶ.

ಆ ತಂತ್ರಾಂಶ ಯಾಕೆ ನಿಂತಿತು ಎಂಬುದು ಎಂಜಿನಿಯರುಗಳಿಗೆ ಆಸಕ್ತಿಯ ವಿಷಯ. ಎರಡು ಪ್ರಕ್ರಿಯೆಗಳು ಒಂದೇ ಮಾಹಿತಿಗೆ ಒಂದೇ ಕ್ಷಣದಲ್ಲಿ ಕೈಹಾಕಿ ಸಿಕ್ಕಿಬಿದ್ದ ದೋಷ ಅದು. ಹುಡುಕಿ ತೆಗೆಯಲು ವಾರಗಳೇ ಹಿಡಿದವು. ಆದರೆ ನಮ್ಮೆಲ್ಲರಿಗೂ ಮುಖ್ಯವಾಗಬೇಕಾದದ್ದು ಅದರ ನಂತರದ ಒಂದೂವರೆ ಗಂಟೆ. 2.41ಕ್ಕೆ ಅಲಾರಂ ನಡೆಸುತ್ತಿದ್ದ ಮುಖ್ಯ ಸರ್ವರ್ ಕುಸಿಯಿತು. ವ್ಯವಸ್ಥೆ ರೂಪಿಸಿದ್ದಂತೆಯೇ ಬದಲಿ ಸರ್ವರ್ ಕೆಲಸ ವಹಿಸಿಕೊಂಡಿತು, ಆದರೆ ಸಿಕ್ಕಿಬಿದ್ದಿದ್ದ ಅಲಾರಂ ತಂತ್ರಾಂಶವನ್ನೂ ಅದೇ ಸ್ಥಿತಿಯಲ್ಲಿ ಹೊತ್ತುಕೊಂಡು 2.54ಕ್ಕೆ ತಾನೂ ಕುಸಿಯಿತು. ಸರ್ವರ್ ಕುಸಿದ ಸುದ್ದಿ ಕಂಪನಿಯ ಐಟಿ ಸಿಬ್ಬಂದಿಯ ಪೇಜರ್‌ಗೆ ತಾನಾಗಿಯೇ ತಲುಪಿತು. ಅವರು 3.08ರ ಹೊತ್ತಿಗೆ ಸರ್ವರನ್ನು ಮತ್ತೆ ಚಾಲೂ ಮಾಡಿ, ಯಂತ್ರ ಎದ್ದಿತೆಂದು ಖಚಿತ ಮಾಡಿಕೊಂಡರು. ಅಲಾರಂ ಬರುತ್ತಿದೆಯೇ ಎಂದು ಆಪರೇಟರ್‌ಗಳನ್ನು ಕೇಳಲಿಲ್ಲ. ಅಲಾರಂ ನಿಂತಿತ್ತು ಎಂದು ಅವರಿಗೆ ಹೇಳಲೂ ಇಲ್ಲ. ಈ ನಡುವೆ 2.32ಕ್ಕೆ ಪಕ್ಕದ ಕಂಪನಿಯವರು ಫೋನ್ ಮಾಡಿ, ನಮ್ಮಿಬ್ಬರ ನಡುವಿನ ಮಾರ್ಗವೊಂದು ಒಮ್ಮೆ ಕಡಿತವಾಗಿ ಮತ್ತೆ ಸೇರಿಕೊಂಡಿತಲ್ಲ ಎಂದು ವಿಚಾರಿಸಿದ್ದರು. ಫಸ್ಟ್‌ಎನರ್ಜಿಯವರ ಪರದೆಯಲ್ಲಿ ಅದರ ಸುಳಿವೇ ಇರಲಿಲ್ಲ. ಫೋನಿನ ಮಾತಿಗಿಂತ ಪರದೆಯ ಮೌನವನ್ನೇ ಅವರು ನಂಬಿದರು. ಅಲಾರಂ ಸತ್ತಿದೆ ಎಂಬ ಅರಿವು ಕಂಟ್ರೋಲ್ ರೂಂಗೆ ಬಂದದ್ದು 3.42ರ ಸುಮಾರಿಗೆ, ಮೂರನೇ ಮಾರ್ಗವೂ ಹೋದ ಮೇಲೆ.

ಇಷ್ಟು ಹೇಳಿದ್ದು ಹಳೆಯ ಕತ್ತಲೆಯ ಕತೆಯನ್ನು ನೆನಪಿಸಲಿಕ್ಕಲ್ಲ. ಇವತ್ತಿಗೂ ಕಾರ್ಖಾನೆ, ಸಂಸ್ಕರಣಾಗಾರ, ನೀರು ಪೂರೈಕೆ ಘಟಕ, ವಿದ್ಯುತ್ ಉಪಕೇಂದ್ರಗಳಲ್ಲಿ ಅಲಾರಂ ಸರ್ವರ್‌ಗೆ ಸಂಪರ್ಕ ತಪ್ಪಿದಾಗ ಅದನ್ನು ಕಂಪ್ಯೂಟರ್ ವಿಭಾಗದ ದೂರಿನ ಪಟ್ಟಿಗೆ ಸೇರಿಸುವುದೇ ವಾಡಿಕೆ. ಪ್ರಿಂಟರ್ ಕೆಟ್ಟಿದೆ, ಇಮೇಲ್ ಬರುತ್ತಿಲ್ಲ, ಅಲಾರಂ ಸರ್ವರ್ ಆಕ್ಸೆಸ್ ಆಗುತ್ತಿಲ್ಲ ಎಂದು ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಮನೋಭಾವ ಅಪಾಯಕಾರಿ. ಅಲಾರಂ ಸರ್ವರ್‌ಗೆ ಪ್ರವೇಶ ಸಿಗದಿರುವುದು ಸ್ಥಾವರದ ಸುರಕ್ಷತೆಗೆ ಸಂಬಂಧಿಸಿದ ಘಟನೆ. ಅದನ್ನು ಮೊದಲು ತಿಳಿಯಬೇಕಾದವರು ಆಪರೇಟರ್‌ಗಳು, ಸರಿಪಡಿಸಬೇಕಾದವರು ಎರಡನೆಯವರು.

ಅಲಾರಂ ಸಾಗುವ ದಾರಿ ನೋಡಿದರೆ ಈ ಮಾತು ಯಾಕೆಂದು ತಿಳಿಯುತ್ತದೆ. ಟ್ಯಾಂಕಿನ ಮಟ್ಟ, ಬಾಯ್ಲರಿನ ಒತ್ತಡ, ಬೇರಿಂಗಿನ ಬಿಸಿ ಇವನ್ನೆಲ್ಲ ಸಂವೇದಕ ಅಳೆದು ಪಿಎಲ್‌ಸಿ ಎಂಬ ಗಟ್ಟಿಮುಟ್ಟಾದ ಪುಟ್ಟ ಕಂಪ್ಯೂಟರಿಗೆ ಕೊಡುತ್ತದೆ. ಅಲ್ಲಿಂದ ಮಾಹಿತಿ ಅಲಾರಂ ಸರ್ವರ್‌ಗೆ ಹೋಗುತ್ತದೆ. ಅದು ಬಹುಪಾಲು ನಮ್ಮ ನಿಮ್ಮ ಕಚೇರಿಯಲ್ಲಿರುವಂಥದ್ದೇ ವಿಂಡೋಸ್ ಯಂತ್ರ. ಯಾವ ಅಳತೆ ಮಿತಿ ಮೀರಿತು, ಎಷ್ಟು ಹೊತ್ತಿಗೆ, ಎಷ್ಟು ತುರ್ತು ಎಂದು ಗುರುತು ಹಾಕಿ ಅದು ಆಪರೇಟರ್‌ನ ಪರದೆಗೆ ಕಳಿಸುತ್ತದೆ. ಆಪರೇಟರ್ ನೋಡಿದೆನೆಂದು ಒಪ್ಪಿಕೊಂಡದ್ದನ್ನು ದಾಖಲಿಸಿಕೊಳ್ಳುತ್ತದೆ. ಪರದೆಯ ಯಂತ್ರ ಬೇರೆ, ಸರ್ವರ್ ಬೇರೆ. ಆದ್ದರಿಂದ ಪರದೆ ತಾನು ಯಾರೆಂದು ಸರ್ವರ್‌ಗೆ ರುಜುವಾತು ಮಾಡಬೇಕು. ಎಡವಟ್ಟು ಆಗುವುದು ಇಲ್ಲೇ. ಒಂದು ಯಂತ್ರದಲ್ಲಿ ಪಾಸ್‌ವರ್ಡ್ ಬದಲಾಗಿ ಇನ್ನೊಂದರಲ್ಲಿ ಹಳೆಯದೇ ಉಳಿದಿರುತ್ತದೆ. ಯಾರೋ ಕೆಲಸ ಬಿಟ್ಟರೆಂದು ಅವರ ಖಾತೆ ಮುಚ್ಚುತ್ತಾರೆ, ಅಲಾರಂ ಸೇವೆ ಅದೇ ಖಾತೆಯ ಹೆಸರಿನಲ್ಲಿ ಓಡುತ್ತಿತ್ತೆಂದು ಆಮೇಲೆ ಗೊತ್ತಾಗುತ್ತದೆ. ಫೈರ್‌ವಾಲ್‌ನ ಹೊಸ ನಿಯಮ 135ನೇ ಪೋರ್ಟನ್ನು ಮುಚ್ಚಿರುತ್ತದೆ. ಡೊಮೈನ್‌ಗೆ ಸೇರಿದ ಎರಡು ಯಂತ್ರಗಳ ಗಡಿಯಾರಗಳಲ್ಲಿ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೂ ಸಾಕು, ಗುರುತಿನ ಪರೀಕ್ಷೆ ವಿಫಲವಾಗುತ್ತದೆ. ಇವೆಲ್ಲಕ್ಕಿಂತ ಕಾಡುವುದು ಬದಲಿ ಸರ್ವರ್: ಮುಖ್ಯ ಸರ್ವರ್ ಕೈಕೊಟ್ಟ ದಿನ ಅದು ಎದ್ದು ನಿಲ್ಲುತ್ತದೆ, ಆದರೆ ಅದರಲ್ಲಿ ಅನುಮತಿಗಳನ್ನು ಯಾರೂ ಹಾಕಿಯೇ ಇರುವುದಿಲ್ಲ.

ಹೀಗಾದಾಗ ಪರದೆ ಪೂರ್ತಿ ಕಪ್ಪಾದರೆ ಒಳ್ಳೆಯದೇ, ಎಲ್ಲರಿಗೂ ಗೊತ್ತಾಗುತ್ತದೆ. ಆದರೆ ಹಲವು ತಂತ್ರಾಂಶಗಳಲ್ಲಿ ಟ್ಯಾಂಕಿನ ಮಟ್ಟ, ಒತ್ತಡದ ಅಂಕಿಗಳು ಒಂದು ದಾರಿಯಲ್ಲಿ ಬರುತ್ತವೆ, ಅಲಾರಂ ಇನ್ನೊಂದು ದಾರಿಯಲ್ಲಿ. ಎರಡನೆಯದು ಮುಚ್ಚಿದರೂ ಮೊದಲನೆಯದು ನಡೆಯುತ್ತಲೇ ಇರುತ್ತದೆ. ಚಿತ್ರದಲ್ಲಿ ಪಂಪು ತಿರುಗುತ್ತಿರುತ್ತದೆ, ಅಂಕಿ ಬದಲಾಗುತ್ತಿರುತ್ತದೆ, ಕೆಳಗಿನ ಅಲಾರಂ ಪಟ್ಟಿ ಮಾತ್ರ ಹೋದ ಗಂಟೆಯ ಸಾಲುಗಳನ್ನೇ ಹಿಡಿದು ಕೂತಿರುತ್ತದೆ. ‘ಆಕ್ಸೆಸ್ ಡಿನೈಡ್’ ಎಂಬ ಸಂದೇಶ ಬಂದಿರುತ್ತದೆ ನಿಜ, ಆದರೆ ಅದು ವಿಂಡೋಸ್‌ನ ಈವೆಂಟ್ ಲಾಗ್‌ನ ಒಳಗೆಲ್ಲೋ ಸಂಖ್ಯೆಯ ರೂಪದಲ್ಲಿ ಬರೆದಿಟ್ಟಿರುತ್ತದೆ. ಪಾಳಿಯ ಆಪರೇಟರ್‌ಗೆ ಆ ಲಾಗ್ ತೆರೆಯುವ ಅಧಿಕಾರವೇ ಬಹಳ ಕಡೆ ಇರುವುದಿಲ್ಲ. ಅಂದರೆ ಸುದ್ದಿ ಯಾರಿಗೆ ಬೇಕೋ ಅವರನ್ನು ಬಿಟ್ಟು ಉಳಿದೆಡೆ ತಲುಪಿರುತ್ತದೆ. ಒಹಾಯೊದಲ್ಲಿ ನಡೆದದ್ದೂ ಇದೇ ತಾನೆ?

ಇದು ಊಹೆಯ ಅಪಾಯವಲ್ಲ ಎನ್ನುವುದಕ್ಕೆ ಇತ್ತೀಚಿನ ಉದಾಹರಣೆ 2023ರ ಮಾರ್ಚ್ 14. ಎರಡು ವಿಂಡೋಸ್ ಯಂತ್ರಗಳ ನಡುವೆ ತಂತ್ರಾಂಶಗಳು ಮಾತಾಡಲು ಮೈಕ್ರೋಸಾಫ್ಟ್ 1996ರಲ್ಲಿ ಡಿಕಾಂ ಎಂಬ ವ್ಯವಸ್ಥೆ ತಂದಿತು. ಬೇರೆ ಬೇರೆ ಕಂಪನಿಗಳ ಕೈಗಾರಿಕಾ ತಂತ್ರಾಂಶಗಳನ್ನು ಜೋಡಿಸುವ ಒಪಿಸಿ ಎಂಬ ಮಾನದಂಡವೂ ಅದೇ ಕಾಲದಲ್ಲಿ ಅದರ ಮೇಲೆಯೇ ಎದ್ದಿತು. ಅಲಾರಂಗಳನ್ನು ಸಾಗಿಸುವ ಅದರ ಭಾಗ ಜಗತ್ತಿನಾದ್ಯಂತ ಬಳಕೆಗೆ ಬಂತು. ಡಿಕಾಂನಲ್ಲಿ ಭದ್ರತಾ ಲೋಪ ಕಂಡುಬಂದ ಮೇಲೆ ಮೈಕ್ರೋಸಾಫ್ಟ್ ಅದನ್ನು ಮೂರು ಹಂತದಲ್ಲಿ ಬಿಗಿಗೊಳಿಸಿತು. 2021ರ ಜೂನ್‌ನ ಅಪ್‌ಡೇಟ್‌ನಲ್ಲಿ ಬಿಗಿತ ಬೇಕಾದವರು ಹಾಕಿಕೊಳ್ಳಬಹುದಿತ್ತು. 2022ರ ಜೂನ್‌ನಲ್ಲಿ ಬೇಡವಾದವರು ತೆಗೆಯಬಹುದಿತ್ತು. 2023ರ ಮಾರ್ಚ್ 14ರಿಂದ ತೆಗೆಯುವ ಅವಕಾಶವೂ ಹೋಯಿತು. ಹೊಸ ಮಟ್ಟದ ಗುರುತಿನ ಪರೀಕ್ಷೆ ಗೊತ್ತಿಲ್ಲದ ಹಳೆಯ ತಂತ್ರಾಂಶಗಳಿಗೆ ಬಾಗಿಲು ಮುಚ್ಚಿತು, 80070005 ಎಂಬ ದೋಷಸಂಖ್ಯೆ ಬರತೊಡಗಿತು, ಸರ್ವರ್‌ನ ಲಾಗ್‌ನಲ್ಲಿ 10036ನೇ ನಮೂದು ಕಾಣಿಸಿತು. ಎಚ್ಚರಿಕೆ ಕೊಡದೆ ಮಾಡಿದರೆಂದು ಮೈಕ್ರೋಸಾಫ್ಟನ್ನು ದೂರುವಂತಿಲ್ಲ. ಸುಮಾರು ಎರಡು ವರ್ಷ ಕಾಲಾವಕಾಶವಿತ್ತು. ಡಿಕಾಂ ಗೊಡವೆಯೇ ಇಲ್ಲದ ಒಪಿಸಿ ಯುಎ ಎಂಬ ಹೊಸ ಮಾನದಂಡ ಬಂದದ್ದು 2008ರಲ್ಲಿ. ಬದಲಾಯಿಸಿಕೊಳ್ಳಲು ಹದಿನೈದು ವರ್ಷ ಸಿಕ್ಕಿತ್ತು, ಆದರೂ ಹಲವರು ಬದಲಾಯಿಸಿಕೊಳ್ಳಲಿಲ್ಲ. ಓಡುವ ಯಂತ್ರವನ್ನು ಮುಟ್ಟಬೇಡ ಎಂಬ ಹಳೆಯ ಗಾದೆಮಾತಿನಂಥ ನಂಬಿಕೆ ಕಾರ್ಖಾನೆಗಳಲ್ಲಿ ಅಷ್ಟು ಗಟ್ಟಿ.

ಆಕ್ಸೆಸ್ ಡಿನೈಡ್ ಬಂದ ಕೂಡಲೇ ಸಾಮಾನ್ಯವಾಗಿ ಮಾಡುವ ಮದ್ದು ಇನ್ನೂ ಆತಂಕದ್ದು. ಡಿಕಾಂನ ಅನುಮತಿ ಪಟ್ಟಿಗೆ ‘ಎವ್ರಿವನ್’ ಎಂದು ಸೇರಿಸಿ ಎಲ್ಲ ಹಕ್ಕನ್ನೂ ಕೊಟ್ಟುಬಿಡುವುದು, ಫೈರ್‌ವಾಲ್ ಆರಿಸುವುದು, ಅಪ್‌ಡೇಟನ್ನೇ ಕಿತ್ತುಹಾಕುವುದು. ಅಲಾರಂ ಮರಳಿ ಬರುತ್ತದೆ, ಎಲ್ಲರೂ ಊಟಕ್ಕೆ ಹೋಗುತ್ತಾರೆ. ಇಲಿಗೆ ಹೆದರಿ ಮನೆ ಸುಟ್ಟಂತೆ ಇದು. ಯಾವ ಒಂದು ಅನುಮತಿ ತಪ್ಪಿತ್ತೆಂದು ತಿಳಿಯುವ ದಾರಿಯೂ ಅಲ್ಲಿಗೆ ಮುಚ್ಚುತ್ತದೆ, ಏಕೆಂದರೆ ಎಲ್ಲವನ್ನೂ ಒಟ್ಟಿಗೆ ಸಡಿಲಿಸಿದ ಮೇಲೆ ಕಾರಣ ಯಾವುದೆಂದು ಬೇರ್ಪಡಿಸಲಾಗದು. ಜೊತೆಗೆ, ಬಾಗಿಲು ತೆರೆದದ್ದು ನಮ್ಮ ಪರದೆಗೆ ಮಾತ್ರವಲ್ಲ. 2015ರ ಡಿಸೆಂಬರ್ 23ರಂದು ಉಕ್ರೇನಿನ ಮೂರು ವಿದ್ಯುತ್ ವಿತರಣಾ ಕಂಪನಿಗಳ ಜಾಲಕ್ಕೆ ನುಗ್ಗಿದವರು ಕದ್ದ ಪಾಸ್‌ವರ್ಡ್‌ಗಳಿಂದ ಒಳಬಂದು ಬ್ರೇಕರ್‌ಗಳನ್ನು ತೆರೆದು ಸುಮಾರು 2 ಲಕ್ಷ 25 ಸಾವಿರ ಗ್ರಾಹಕರನ್ನು ಕತ್ತಲಲ್ಲಿಟ್ಟರು. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ ಇನ್ನೂ ನಯವಾದದ್ದು: ಇರಾನಿನ ನತಾಂಜ್ ಪರಮಾಣು ಘಟಕದಲ್ಲಿ ಯಂತ್ರಗಳನ್ನು ಕೆಡಿಸುವಾಗಲೇ ಸಹಜ ಸ್ಥಿತಿಯ ಅಂಕಿಗಳನ್ನು ಮತ್ತೆ ಮತ್ತೆ ತೋರಿಸಿ ಆಪರೇಟರ್‌ಗಳನ್ನು ಸುಮ್ಮನಾಗಿಸಿತ್ತು. ಅಲಾರಂ ಬಾರದಂತೆ ಮಾಡುವುದೇ ದಾಳಿಕೋರನಿಗೆ ಮೊದಲ ಕೆಲಸ. ಹಾಗಿರುವಾಗ ಸಂಪರ್ಕ ತಪ್ಪಿದ್ದು ಪಾಸ್‌ವರ್ಡ್ ಅವಧಿ ಮುಗಿದುದರಿಂದಲೋ ಬೇರೆ ಯಾರದೋ ಕೈವಾಡದಿಂದಲೋ ಎಂದು ನೋಡದೆಯೇ ಸಡಿಲಿಸುವುದು ಸರಿಯಾದ ಉಪಾಯವಾಗದು.

ಸರಿಯಾದ ಕ್ರಮ ಅಂಥ ಕಷ್ಟದ್ದೇನೂ ಅಲ್ಲ. ಅಲಾರಂ ಇಲ್ಲ ಎಂದು ಪಾಳಿಯ ಮುಖ್ಯಸ್ಥರಿಗೆ ಹೇಳಿ, ಲಾಗ್ ಪುಸ್ತಕದಲ್ಲಿ ಸಮಯ ಬರೆಸುವುದು ಎಲ್ಲಕ್ಕೂ ಮೊದಲು. ಅಪಾಯದ ಕೆಲವೇ ಅಳತೆಗಳನ್ನು ಸ್ಥಳದಲ್ಲಿರುವ ಗೇಜ್‌ನಿಂದ ಓದಿ ಹೇಳಲು ಒಬ್ಬರನ್ನು ನಿಲ್ಲಿಸಬೇಕು. ಟ್ಯಾಂಕ್ ತುಂಬುವುದು, ಘಟಕ ಚಾಲೂ ಮಾಡುವುದು ಮುಂತಾದ ಕೆಲಸ ಮುಂದೂಡಬೇಕು. ಆಮೇಲೆ ಕಾರಣ ಹುಡುಕಲಿ. ಸರ್ವರ್‌ನಲ್ಲಿ ಸೇವೆ ಓಡುತ್ತಿದೆಯೇ, ಸರ್ವರ್‌ನ ಮುಂದೆಯೇ ಕೂತು ನೋಡಿದರೆ ಅಲಾರಂ ಕಾಣುತ್ತದೆಯೇ, ಕಂಡರೆ ದೋಷ ದಾರಿಯಲ್ಲಿದೆ ಎಂದಾಯಿತು. ದಾರಿಯಲ್ಲಿ ಹೆಸರು, ಪೋರ್ಟು, ಖಾತೆ, ಗಡಿಯಾರ, ಅನುಮತಿ ಎಂದು ಒಂದೊಂದನ್ನೇ ನೋಡಬೇಕು. ಒಮ್ಮೆಗೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಬರೆದಿಡಬೇಕು. ಕೊನೆಗೆ ಸರ್ವರ್ ಎದ್ದಿತೆಂದು ಬೆನ್ನು ತಟ್ಟಿಕೊಳ್ಳುವ ಮೊದಲು ಕ್ಷೇತ್ರದಲ್ಲಿ ಒಂದು ನಿಜವಾದ ಸ್ವಿಚ್ ಒತ್ತಿಸಿ, ಆ ಅಲಾರಂ ಆಪರೇಟರ್‌ನ ಕಿವಿಗೆ ಬಿದ್ದು ಆತ ಹೌದೆಂದ ಮೇಲೆ ಕೆಲಸ ಮುಗಿಯಿತು ಎನ್ನಬೇಕು. ಈ ಕೊನೆಯ ಹೆಜ್ಜೆಯನ್ನು ಒಹಾಯೊದ ಐಟಿ ಸಿಬ್ಬಂದಿ ಇಟ್ಟಿದ್ದರೆ ಆಪರೇಟರ್‌ಗಳಿಗೆ 3.08ಕ್ಕೇ ವಿಷಯ ತಿಳಿಯುತ್ತಿತ್ತು. ಮುಂದಿನ ಮಾರ್ಗ ಬೀಳಲು ಆಗಿನ್ನೂ 24 ನಿಮಿಷವಿತ್ತು.

ಇದಕ್ಕೆ ಬರುವ ಮೊದಲ ಆಕ್ಷೇಪ, ಅಲಾರಂಗಳು ಈಗಲೇ ಅತಿಯಾಗಿವೆ, ಇನ್ನೊಂದು ಯಾಕೆ ಎಂಬುದು. ಆಕ್ಷೇಪದ ಹಿಂದಿನ ನೋವು ನಿಜವಾದದ್ದು. 1994ರ ಜುಲೈ 24ರಂದು ವೇಲ್ಸ್‌ನ ಮಿಲ್‌ಫರ್ಡ್ ಹೇವನ್ ಸಂಸ್ಕರಣಾಗಾರದಲ್ಲಿ ಸ್ಫೋಟಕ್ಕೆ ಮುಂಚಿನ ಸುಮಾರು 11 ನಿಮಿಷಗಳಲ್ಲಿ ಇಬ್ಬರು ಆಪರೇಟರ್‌ಗಳ ಮುಂದೆ 275 ಅಲಾರಂಗಳು ಸುರಿದವು. ಓದುವುದೇ ಆಗದ ಮೇಲೆ ಯೋಚಿಸುವುದೆಲ್ಲಿಂದ? ಆ ಅನುಭವದಿಂದಲೂ ಪಾಠ ಕಲಿತು ಬ್ರಿಟನ್ನಿನ ಎಂಜಿನಿಯರಿಂಗ್ ಬಳಕೆದಾರರ ಸಂಘ 1999ರಲ್ಲಿ ಹೊರತಂದ 191ನೇ ಮಾರ್ಗದರ್ಶಿ, ಸಹಜ ಸ್ಥಿತಿಯಲ್ಲಿ 10 ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು ಅಲಾರಂ ಬರಬಾರದು ಎಂಬ ಅಳತೆಗೋಲು ಹಾಕಿತು. ಹಾಗಾದರೆ ಕಡಿಮೆ ಮಾಡಬೇಕಾದದ್ದು ಕೆಲಸಕ್ಕೆ ಬಾರದ ಅಲಾರಂಗಳನ್ನು. ಉಳಿದ ಎಲ್ಲ ಅಲಾರಂಗಳೂ ಸತ್ತಿವೆ ಎಂದು ಹೇಳುವ ಒಂದನ್ನೇ ಬಿಟ್ಟು ಉಳಿತಾಯ ಮಾಡುವುದು ಯಾವ ಲೆಕ್ಕ? ಇನ್ನೊಂದು ಮಾತೂ ಇದೆ. ಅಲಾರಂಗಳನ್ನು ತಗ್ಗಿಸಿದಷ್ಟೂ ಮೌನ ಸಹಜವೆನಿಸುತ್ತದೆ, ಸತ್ತ ಮೌನವನ್ನು ಗುರುತಿಸುವುದು ಕಷ್ಟವಾಗುತ್ತದೆ. ಚೆನ್ನಾಗಿ ಓರಣಗೊಳಿಸಿದ ಸ್ಥಾವರಕ್ಕೇ ಈ ಒಂದು ಅಲಾರಂ ಹೆಚ್ಚು ಬೇಕು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಅಲಾರಂ ಬರೀ ಸೂಚನೆ, ನಿಜವಾದ ಅಪಾಯ ಬಂದರೆ ತಾನಾಗಿ ಸ್ಥಾವರ ನಿಲ್ಲಿಸುವ ಪ್ರತ್ಯೇಕ ಸುರಕ್ಷತಾ ವ್ಯವಸ್ಥೆ ಇದ್ದೇ ಇದೆ, ಅದು ವಿಂಡೋಸನ್ನು ನಂಬಿಲ್ಲ ಎನ್ನುತ್ತಾರೆ. ಹಾಗಿರಬೇಕಾದದ್ದೇ. ಆದರೆ 2005ರ ಡಿಸೆಂಬರ್ 11ರ ಬೆಳಗಿನ ಜಾವ ಇಂಗ್ಲೆಂಡಿನ ಬನ್ಸ್‌ಫೀಲ್ಡ್ ತೈಲ ಸಂಗ್ರಹಾಗಾರದಲ್ಲಿ 912ನೇ ಟ್ಯಾಂಕಿಗೆ ಪೆಟ್ರೋಲು ಹರಿಯುತ್ತಿದ್ದಾಗ ಮಟ್ಟದ ಗೇಜ್ ಸಿಕ್ಕಿಕೊಂಡು, ಪರದೆಯಲ್ಲಿ ಮಟ್ಟ ಒಂದೇ ಕಡೆ ನಿಂತಿತು. ಟ್ಯಾಂಕಿನ ಎಲ್ಲ ಮಟ್ಟದ ಅಲಾರಂಗಳೂ ಅದೇ ಗೇಜನ್ನು ನಂಬಿದ್ದರಿಂದ ಒಂದೂ ಕೂಗಲಿಲ್ಲ. ಕೊನೆಯ ಕಾವಲಾಗಿದ್ದ ಸ್ವತಂತ್ರ ಸ್ವಿಚ್, ಅದರ ಪರೀಕ್ಷಾ ಹಿಡಿಕೆಯನ್ನು ಜಾಗದಲ್ಲಿಡುವ ಒಂದು ಬೀಗ ಇಲ್ಲದ ಕಾರಣಕ್ಕೆ ನಿಷ್ಕ್ರಿಯವಾಗಿತ್ತು. ಎರಡೂವರೆ ಲಕ್ಷ ಲೀಟರಿಗೂ ಹೆಚ್ಚು ಪೆಟ್ರೋಲು ಹೊರಚೆಲ್ಲಿ ಆವಿಯಾಗಿ ಸಿಡಿಯಿತು. ಭಾನುವಾರದ ಮುಂಜಾನೆಯಾದ್ದರಿಂದ ಜೀವ ಹೋಗಲಿಲ್ಲ, 43 ಮಂದಿ ಗಾಯಗೊಂಡರು. ಆ ಗೇಜ್ ಹಿಂದಿನ ಮೂರೂವರೆ ತಿಂಗಳಲ್ಲಿ 14 ಸಲ ಹಾಗೆಯೇ ಸಿಕ್ಕಿಕೊಂಡಿತ್ತು. ಪ್ರತಿ ಸಲವೂ ಅದನ್ನು ಸಣ್ಣ ರಿಪೇರಿ ಎಂದುಕೊಂಡರು. ಸುರಕ್ಷತೆಯ ಪದರಗಳು ಒಂದರ ಹಿಂದೆ ಒಂದು ಇರುವುದು ಮುಂದಿನದು ಸೋತಾಗ ಹಿಂದಿನದು ಹಿಡಿಯಲಿ ಎಂದು. ಹಿಂದಿನದು ಇದೆಯಲ್ಲ ಎಂದು ಮುಂದಿನದನ್ನು ಕಡೆಗಣಿಸಿದರೆ ಇರುವುದು ಒಂದೇ ಪದರ, ಅದೂ ಯಾರೂ ಪರೀಕ್ಷಿಸದ ಪದರ.

ಸಣ್ಣ ಕಾರ್ಖಾನೆಗಳು ಇದನ್ನೆಲ್ಲ ಎಲ್ಲಿ ಭರಿಸುತ್ತವೆ ಎಂಬ ಮಾತಿಗೂ ಉತ್ತರವಿದೆ. ಸರ್ವರ್ ಪ್ರತಿ ಕೆಲವು ಸೆಕೆಂಡಿಗೊಮ್ಮೆ ಒಂದು ಅಂಕಿಯನ್ನು ಬದಲಿಸುತ್ತಿರಲಿ, ಪಿಎಲ್‌ಸಿ ಅದನ್ನು ಗಮನಿಸುತ್ತಿರಲಿ. ಅಂಕಿ ಬದಲಾಗುವುದು ನಿಂತರೆ ಸರ್ವರ್‌ನ ಹಂಗಿಲ್ಲದೆ ನೇರ ತಂತಿಯಲ್ಲಿ ಒಂದು ಗಂಟೆ ಹೊಡೆಯಲಿ, ಕೆಂಪು ದೀಪ ಹತ್ತಲಿ. ಪರದೆಯ ಮೂಲೆಯಲ್ಲೂ ಕೊನೆಯ ಬಾರಿ ಸರ್ವರ್ ಮಾತಾಡಿದ ಸಮಯ ಕಾಣಲಿ. ಈ ಕ್ಷೇತ್ರದವರು ಇದನ್ನು ಹಾರ್ಟ್‌ಬೀಟ್ ಅನ್ನುತ್ತಾರೆ. ನಾಲ್ಕು ಸಾಲಿನ ಪ್ರೋಗ್ರಾಂ, ಒಂದು ರಿಲೇ, ಒಂದು ದೀಪ ಇಷ್ಟೇ ಖರ್ಚು. ಹಣಕ್ಕಿಂತ ಕೊರತೆಯಿರುವುದು ಕೇಳುವವರದು. ಅಲಾರಂ ಕಡೆಗಣಿಸಿದ್ದರ ಬೆಲೆ ನಮ್ಮ ದೇಶಕ್ಕೆ ಗೊತ್ತಿಲ್ಲದ್ದೇನಲ್ಲ. ಭೋಪಾಲದಲ್ಲಿ ವಿಷದ ಟ್ಯಾಂಕಿನ ಶೀತಲೀಕರಣವನ್ನು ದುರಂತಕ್ಕೆ ತಿಂಗಳುಗಳ ಮೊದಲೇ ನಿಲ್ಲಿಸಲಾಗಿತ್ತು. ತಾಪಮಾನದ ಅಲಾರಂ ನಿಗದಿಯಾಗಿದ್ದದ್ದು ತಂಪಾಗಿರುವ ಟ್ಯಾಂಕಿಗೆ. ಬೆಚ್ಚಗಿನ ಟ್ಯಾಂಕಿನಲ್ಲಿ ಅದಕ್ಕೆ ಅರ್ಥವೇ ಉಳಿಯಲಿಲ್ಲ.

ಕರ್ನಾಟಕದ ಪಾಲಿಗೆ ಇದು ದೂರದ ವಿಷಯವಲ್ಲ. ದಕ್ಷಿಣ ಭಾರತದ ವಿದ್ಯುತ್ ಜಾಲವನ್ನು ಕಾಯುವ ಪ್ರಾದೇಶಿಕ ಹೊರೆ ರವಾನೆ ಕೇಂದ್ರ ಬೆಂಗಳೂರಿನಲ್ಲಿದೆ. ವಿದ್ಯುತ್ ಸ್ಥಾವರಗಳ ನಿಯಂತ್ರಣ ವ್ಯವಸ್ಥೆ ತಯಾರಿಸುವ ಬಿಎಚ್‌ಇಎಲ್‌ನ ಘಟಕ ಮೈಸೂರು ರಸ್ತೆಯಲ್ಲಿದೆ. ಎಬಿಬಿ, ಹನಿವೆಲ್, ಸೀಮೆನ್ಸ್‌ನಂಥ ಕಂಪನಿಗಳ ಎಂಜಿನಿಯರುಗಳು ಇಲ್ಲಿಂದಲೇ ಜಗತ್ತಿನ ಕಂಟ್ರೋಲ್ ರೂಂಗಳಿಗೆ ತಂತ್ರಾಂಶ ಬರೆಯುತ್ತಾರೆ. ಇಂಥ ಊರಿನಿಂದ ಹೊರಡುವ ಟೆಂಡರ್‌ಗಳಲ್ಲಿ, ತಪಾಸಣೆಯ ಪಟ್ಟಿಗಳಲ್ಲಿ, ಅಲಾರಂ ಸರ್ವರ್ ಕಳಚಿಕೊಂಡರೆ ಆಪರೇಟರ್‌ಗೆ ಎಷ್ಟು ಸೆಕೆಂಡಿನಲ್ಲಿ ತಿಳಿಯುತ್ತದೆ ಎಂಬ ಪ್ರಶ್ನೆ ಕಡ್ಡಾಯವಾಗಿ ಇರಬೇಕು. ಸೈಬರ್ ದಾಳಿಯಾದರೆ 6 ಗಂಟೆಯೊಳಗೆ ವರದಿ ಮಾಡಿ ಎಂದು ದೇಶದ ಸೈಬರ್ ತುರ್ತು ಸ್ಪಂದನ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನ ಹೇಳುತ್ತದೆ. ಪಾಸ್‌ವರ್ಡ್ ಗೊಂದಲದಿಂದ ಅರ್ಧ ದಿನ ಅಲಾರಂ ಇಲ್ಲದ ಕಾರ್ಖಾನೆಗೆ ಆ ಗಡುವು ಅನ್ವಯಿಸದು, ಏಕೆಂದರೆ ಅದು ದಾಳಿಯಲ್ಲ. ಆದರೆ ಅದರ ಪಕ್ಕದಲ್ಲಿ ಬದುಕುವವರಿಗೆ ಎರಡರ ನಡುವೆ ವ್ಯತ್ಯಾಸವೇನು?

ಹೊಸ ಕಾನೂನಿಗಾಗಿ ಕಾಯುವ ಅಗತ್ಯವಿಲ್ಲ. ಅಪಾಯಕಾರಿ ರಾಸಾಯನಿಕಗಳ 1989ರ ನಿಯಮಗಳ ಪ್ರಕಾರ ಅಂಥ ಕಾರ್ಖಾನೆಗಳು ಆರು ತಿಂಗಳಿಗೊಮ್ಮೆ ಅಣಕು ಕವಾಯತು ನಡೆಸಲೇಬೇಕು. ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಯ ಅಧಿಕಾರಿಗಳು ಮುಂದಿನ ಕವಾಯತಿಗೆ ಹೋದಾಗ, ಸ್ಥಾವರ ಶಾಂತವಾಗಿರುವ ಹೊತ್ತು ನೋಡಿ, ಗೇಜ್‌ಗಳ ಬಳಿ ಆಳು ನಿಲ್ಲಿಸಿ, ಪಾಳಿಯವರಿಗೆ ಮುನ್ಸೂಚನೆ ಕೊಡದೆ ಅಲಾರಂ ಸರ್ವರ್‌ನ ನೆಟ್‌ವರ್ಕ್ ಕೇಬಲ್ ಕಿತ್ತು ಕೈಗಡಿಯಾರ ನೋಡಲಿ. ಆಪರೇಟರ್ ತಾನಾಗಿ ಅಲಾರಂ ಹೋಗಿದೆ ಎಂದು ಹೇಳಲು ತೆಗೆದುಕೊಂಡ ಸಮಯವನ್ನು ತಪಾಸಣಾ ವರದಿಯಲ್ಲಿ ಬರೆಯಲಿ.